ಗೋಡೆಗೆ ಸಿಗದ ಮಾತು

ಗ್ರಿಮ್ಸ್‌ಬಿ ಊರಲ್ಲಿ ನಮ್ಮಕ್ಕ ಡಾನಾ ಇರುವ ಬಾಡಿಗೆ ಮನೆ ಹೇಗಿದೆ ಅಂತ ತಪಾಸಣೆ ಮಾಡಲು, ಮನೆ ಕೊಟ್ಟ ಸಂಸ್ಥೆಯಿಂದ ಪೆಟಿಫರ್ ಅನ್ನೋನು ಬಂದ. ಮಲಗುವ ಕೋಣೆಯ ಗೋಡೆ ಪೂರ್ತಿ ಕಪ್ಪು ಬೂಷ್ಟು. ಅದರ ಪಕ್ಕದಲ್ಲೇ ಮಲಗುವ ಅವಳ ಮಗ ರೂಬೆನ್‌ಗೆ ಎರಡು ವರ್ಷ. ಉಸಿರೆಳೆದರೆ ಸೀಟಿ ಊದಿದಂತೆ ಕೇಳುತ್ತೆ. ಈ ಮನೆ ವಾಸಕ್ಕೆ ಲಾಯಕ್ಕಿಲ್ಲ ಅಂತ ಪೆಟಿಫರ್ ಹೇಳಿದರೆ ಬೇರೆ ಮನೆ ಸಿಗುತ್ತೆ. ಅದಕ್ಕಿಂತ ಮೆತ್ತಗೆ ಏನು ಹೇಳಿದರೂ ಸಿಗೋದಿಲ್ಲ.

ಅವನು ಗೋಡೆಗೆ ಟಾರ್ಚ್ ಬಿಟ್ಟ. "ಹೂಂ, ಅಷ್ಟೇನೂ ಚೆನ್ನಾಗಿಲ್ಲ ಅನ್ಬಹುದು."

"ಅನ್ಬಹುದಾ? ನಿಮ್ಮ ಮಗೂನ ಇಲ್ಲಿ ಮಲಗಿಸ್ತೀರಾ?" ಅಂದೆ.

"ಸ್ವಲ್ಪ ಬೇಸರದ ಸಂಗತಿನೇ, ಒಪ್ತೀನಿ. ಕಿಟಕಿ ತೆಗೀತಾ ಇದ್ದೀರಾ ಮೇಡಂ?"

"ತೆಗೀತೀನಿ ಸರ್. ಟೀ ಕುಡೀತೀರಾ?" ಅಂದಳು ಡಾನಾ. ನಮ್ಮ ಜನ ನೇಣು ಹಾಕೋಕೆ ಬಂದವನಿಗೂ ಟೀ ಕೊಡೋ ಪೈಕಿ.

ನನಗೆ ತಡೆಯಲಾಗಲಿಲ್ಲ. "ಲೇ ನಾಯಿ, ಕೂಸು ಉಸಿರಾಡೋಕಾಗ್ದೆ ಸಾಯ್ತಿದೆ, ನಿಂಗೆ ಸ್ವಲ್ಪ ಬೇಸರಾನಾ?"

ಅವನ ಮುಖ ಕೆಂಪಾಯ್ತು. "ಈ ಬೈಗುಳ ಅಸಹ್ಯ. ಇದನ್ನ ಸಹಿಸೋಕೆ ಸಾಧ್ಯವೇ ಇಲ್ಲ," ಅಂದ. ಇಂಥ ಗಟ್ಟಿ ಮಾತೂ ಅವನ ಹತ್ತಿರ ಇತ್ತು. ಗೋಡೆಗೆ ಮಾತ್ರ ಅದನ್ನ ಖರ್ಚು ಮಾಡಲಿಲ್ಲ. ಬೈಯುವವರ ಮನೆಗೆ ತಮ್ಮವರು ಇನ್ಯಾರೂ ಬರೋದಿಲ್ಲ ಅಂತ ಹೇಳಿ ಹೊರಟ.

"ತಪ್ಪಾಯ್ತು ಸರ್" ಅಂತ ಡಾನಾ ಬೀದಿವರೆಗೂ ಅವನ ಹಿಂದೆ ಹೋದಳು. ವಾಪಸ್ ಬಂದವಳು ನನ್ನ ಮುಖ ನೋಡಲಿಲ್ಲ. ರೂಬೆನ್‌ನ ಮಂಚವನ್ನ ಗೋಡೆಯಿಂದ ಒಂದು ಗೇಣು ಈಚೆಗೆ ಎಳೆದಳು. ಅದಕ್ಕಿಂತ ಹೆಚ್ಚು ಜಾಗ ಆ ಕೋಣೆಯಲ್ಲಿರಲಿಲ್ಲ.