ಅನಧ್ಯಯನದ ಮಂಗಳವಾರ

ಎಪ್ಪತ್ತರ ಅಂಚಿನಲ್ಲಿ ಮತ್ತೆ ಶಿಷ್ಯರು ದೊರೆತದ್ದು ಬೆಟ್ಟದ ತಾಯಿಯ ಅನುಗ್ರಹವೆಂದೇ ವಾಗೀಶ ಶಾಸ್ತ್ರಿಗಳು ನಂಬಿದ್ದರು. ಪಾಠಶಾಲೆಯಿಂದ ನಿವೃತ್ತರಾದ ಮೇಲೆ ಕೇಳುವ ಕಿವಿಯಿಲ್ಲದೆ ಅವರ ನಾಲಗೆ ಒಣಗಿತ್ತು. ಅಂಥ ಹೊತ್ತಿನಲ್ಲಿ ಹಿನಕಲ್ಲಿನಾಚೆಯ ಖಾಸಗಿ ವಿಶ್ವವಿದ್ಯಾಲಯವೊಂದು ಅವರನ್ನು ಕರೆಯಿತು. ತೀರ ಸಣ್ಣದು: ಎರಡು ಕಟ್ಟಡ, ಅಂಗಳದಲ್ಲೊಂದು ಹೊಂಗೆಮರ. ವಾಣಿಜ್ಯ, ಗಣಕವಿಜ್ಞಾನ, ಹೋಟೆಲ್ ನಿರ್ವಹಣೆಗಳ ನಡುವೆ ಅಲ್ಲಿನವರು ಪುರಾಣ ಮತ್ತು ಕಾವ್ಯಗಳ ಡಿಪ್ಲೊಮಾ ಒಂದನ್ನೂ ಇಟ್ಟಿದ್ದರು. ಪಿಯುಸಿ ಮುಗಿಸಿದ ಯಾರೇ ಆಗಲಿ, ಯಾವ ವಯಸ್ಸಿನವರೇ ಆಗಲಿ ಸೇರಬಹುದು. ದುಡಿಯುವವರ ಅನುಕೂಲಕ್ಕೆಂದು ಒಂದು ತಂಡಕ್ಕೆ ಮಂಗಳವಾರ ಮಧ್ಯಾಹ್ನ ಪಾಠ, ಇನ್ನೊಂದಕ್ಕೆ ಶುಕ್ರವಾರ.

ಮಂಗಳವಾರದ ತಂಡದಲ್ಲಿ ಮುಂದಿನ ಬೆಂಚು ಮಹದೇವನದು. ಹಿನಕಲ್ಲಿನಲ್ಲಿ ಕ್ಷೌರದ ಅಂಗಡಿ ಇಟ್ಟವನು, ನಲವತ್ತು ದಾಟಿದವನು. ಪಿಯುಸಿ ಮುಗಿದ ವರ್ಷವೇ ಅಂಗಡಿ ಅವನ ಹೆಗಲಿಗೆ ಬಿದ್ದಿತ್ತು. ದಿನವಿಡೀ ಹರಿಕಥೆ ಹಾಕಿಕೊಂಡು ಕತ್ತರಿಯಾಡಿಸುತ್ತಿದ್ದವನಿಗೆ ಕಥೆಗಳೆಲ್ಲ ಬಾಯಿಪಾಠವಾಗಿದ್ದವು. ಪದ್ಯ ಬಂದಾಗ ಮಾತ್ರ ಕಣ್ಣಿಗೆ ಬಟ್ಟೆ ಕಟ್ಟಿದಂತಾಗುತ್ತಿತ್ತು. "ಪದ್ಯಾನ ನಾನೇ ಬಿಡಿಸ್ಕೊಂಡು ಓದ್ಬೇಕು ಗುರುಗಳೇ," ಎಂದು ಮೊದಲ ದಿನವೇ ಹೇಳಿದ್ದ. "ಇನ್ನೊಬ್ರು ಅಗಿದು ಕೊಟ್ಟಿದ್ದನ್ನ ಎಷ್ಟು ವರ್ಷ ನುಂಗೋದು?"

ಕೆಲವು ವಾರ ಪಾಠ ಸರಾಗವಾಗಿ ಸಾಗಿತು. ಆಮೇಲೊಂದು ಮಂಗಳವಾರ ಶಾಸ್ತ್ರಿಗಳು ಮನೆಯಲ್ಲೇ ಉಳಿದರು. ಅಂದು ಬಹುಳ ಪಾಡ್ಯ. ಅವರ ತಂದೆ ವೇದಪಾಠ ಹೇಳುತ್ತಿದ್ದವರು. ಪಾಡ್ಯ, ಅಷ್ಟಮಿ, ಚತುರ್ದಶಿ, ಹುಣ್ಣಿಮೆ, ಅಮಾವಾಸ್ಯೆಗಳು ಅನಧ್ಯಯನದ ದಿನಗಳು. ಅಂದು ಗುರು ಹೇಳಕೂಡದು, ಶಿಷ್ಯ ಓದಕೂಡದು. ಶಾಸ್ತ್ರಿಗಳು ಕಲಿತ ಮನೆಯಲ್ಲೂ ಕಲಿಸಿದ ಪಾಠಶಾಲೆಯಲ್ಲೂ ಇದೇ ನಡೆ. ಬರುವುದಿಲ್ಲವೆಂದು ಹೇಳಿ ಕಳುಹಿಸಬೇಕೆಂದು ಅವರಿಗೆ ತೋರಲೂ ಇಲ್ಲ. ಇಂದು ಗ್ರಹಣವೆಂದು ಸೂರ್ಯನೇನು ಚೀಟಿ ಬರೆದು ಕಳುಹಿಸುತ್ತಾನೆಯೇ?

ಮರುದಿನ ಡಿಪ್ಲೊಮಾದ ಉಸ್ತುವಾರಿ ನೋಡುವ ಗಗನ ಫೋನು ಮಾಡಿದಳು.

"ಶಾಸ್ತ್ರಿಗಳೇ, ಹುಷಾರಾಗಿದ್ದೀರಿ ತಾನೇ? ನಿನ್ನೆ ಬರ್ಲೇ ಇಲ್ಲ."

"ನಿನ್ನೆ ಪಾಡ್ಯವಲ್ಲವೇ ಅಮ್ಮ."

"ಮನೇಲಿ ಪೂಜೆ ಏನಾದ್ರೂ ಇತ್ತಾ ಸರ್?"

ಶಾಸ್ತ್ರಿಗಳು ವಿವರಿಸಿದರು. ವಿವರಿಸುತ್ತಲೇ ಗೂಡಿನಿಂದ ಪಂಚಾಂಗ ತೆಗೆದರು, ಮುಂದೆ ಎಂದು ಬರಬಹುದೆಂದು ಹೇಳಲು. ಹಾಳೆ ಮಗುಚಿದಂತೆ ಅವರ ದನಿ ಇಳಿಯಿತು. ಮುಂದಿನ ಮಂಗಳವಾರ ಅಷ್ಟಮಿ. ಅದರ ಮುಂದಿನದು ಮತ್ತೆ ಪಾಡ್ಯ, ಆಮೇಲೆ ಮತ್ತೆ ಅಷ್ಟಮಿ, ಅದಾದ ಮೇಲೆ ಹುಣ್ಣಿಮೆ. ವಾರವೂ ತಿಥಿಯೂ ಕೈಕೈ ಹಿಡಿದು ಒಂದು ತಿಂಗಳ ಪಾಠವನ್ನು ನುಂಗಲು ಹೊರಟಿದ್ದವು.

"ಅಷ್ಟು ಪಾಠ ತಪ್ಪಿದ್ರೆ ಮಂಗಳವಾರದ ತಂಡ ಉಳಿಯಲ್ಲ ಸರ್," ಎಂದಳು ಗಗನ. "ಎಲ್ಲರನ್ನೂ ಶುಕ್ರವಾರಕ್ಕೆ ಸೇರಿಸ್ತಾರೆ. ಉಳಿದವರು ಹೇಗೋ ಬರ್ತಾರೆ. ಮಹದೇವ ಅವರಿಗಾಗಲ್ಲ, ಅವರಂಗಡಿಗೆ ರಜಾ ಮಂಗಳವಾರ ಒಂದೇ. ಅವರು ಓದು ಬಿಡ್ಬೇಕಾಗುತ್ತೆ. ನಿನ್ನೆ ಎಲ್ರೂ ಎದ್ದು ಹೋದ್ಮೇಲೂ ಅವರೊಬ್ರೇ ಗಂಟೆ ಹೊಡೆಯೋವರೆಗೂ ಕೂತಿದ್ರು."

ಸಂಜೆಗೆ ಮಹದೇವನೇ ಅಗ್ರಹಾರದ ಮನೆಗೆ ಬಂದ. ಶಾಸ್ತ್ರಿಗಳ ಮಡದಿ ಚೂಡಾಮಣಿಯಮ್ಮ ಜಗಲಿಯಲ್ಲಿ ಚಾಪೆ ಹಾಸಿ ಕಾಫಿ ತಂದಿಟ್ಟರು.

"ಮೇಡಮ್ಮೋರು ಎಲ್ಲಾ ಹೇಳಿದ್ರು ಗುರುಗಳೇ. ನೀವು ಯೋಚ್ನೆ ಮಾಡ್ಬೇಡಿ. ಶುಕ್ರವಾರ ಅಂಗಡಿ ಬಾಗ್ಲು ಹಾಕ್ಬುಟ್ಟು ಮಂಗಳವಾರ ತೆಗೀತೀನಿ."

"ಮಂಗಳವಾರ ನಿಂಗ್ಯಾರಪ್ಪ ತಲೆ ಕೊಡ್ತಾರೆ?" ಎಂದರು ಚೂಡಾಮಣಿಯಮ್ಮ.

"ಈಗಿನ ಹುಡುಗ್ರಿಗೆ ವಾರ ಏನು, ತಿಥಿ ಏನು, ಅಮ್ಮಾವ್ರೇ. ರಿಂಗ್ ರೋಡಿನ ಎಸಿ ಸಲೂನುಗಳು ಮಂಗಳವಾರನೂ ತುಂಬಿರ್ತವೆ."

"ನಿಮ್ಮ ತಂದೆ ತೆಗೆಯುತ್ತಿದ್ದರೇ?" ಶಾಸ್ತ್ರಿಗಳು ಮೆಲ್ಲನೆ ಕೇಳಿದರು.

ಮಹದೇವ ಲೋಟವನ್ನು ಕೈಯಲ್ಲಿ ತಿರುಗಿಸಿದ. "ಇಲ್ಲ. ಸೋಮವಾರ ರಾತ್ರಿಗೇ ಕತ್ತರೀನ ತೊಳ್ದು ಮಾದಪ್ಪನ ಪಟದ ಮುಂದೆ ಇಟ್ಬುಡೋರು. ನಾನೂ ಹಂಗೇ, ಇವತ್ತಿನ್ತಂಕ ಮಂಗಳವಾರ ಮುಟ್ಟಿಲ್ಲ. ನಮ್ಮ ಕಸುಬಿಗೂ ಅದು ಅನಧ್ಯಯನವೇ ಅನ್ಕೊಳ್ಳಿ." ಅವನು ನಕ್ಕ, ನಗು ಕಣ್ಣಿನವರೆಗೆ ಏರಲಿಲ್ಲ. "ಆದ್ರೆ ನಿಮ್ಮ ಕಟ್ಟು ದೊಡ್ಡದು ಗುರುಗಳೇ. ನಂದು ಮುರಿದ್ರೂ ನಡೀತದೆ, ನಿಮ್ದು ಉಳೀಲಿ."

ಅವನು ಹೋದ ಮೇಲೆ ಶಾಸ್ತ್ರಿಗಳು ಬಹಳ ಹೊತ್ತು ಜಗಲಿಯಲ್ಲೇ ಕುಳಿತಿದ್ದರು. ಗುರುವಿನ ನೇಮ ಕಾಯಲು ಶಿಷ್ಯನೊಬ್ಬ ತನ್ನ ತಂದೆಯ ನೇಮವನ್ನು ಕಡಿದುಕೊಡಲು ಬಂದಿದ್ದ. ಅದನ್ನು ಸ್ವೀಕರಿಸುವುದು ಹೇಗೆ, ಸ್ವೀಕರಿಸಿದ ಮೇಲೆ ಅವನಿಗೆ ಧರ್ಮದ ಕಥೆ ಹೇಳುವ ಬಾಯಿ ಯಾವುದು?

ದೀಪ ಹಚ್ಚಿ ಬಂದ ಚೂಡಾಮಣಿಯಮ್ಮ ಹೊಸಿಲಲ್ಲೇ ನಿಂತರು. "ಅಲ್ಲಾ ರೀ, ಹುಣ್ಣಿಮೆ ಹುಣ್ಣಿಮೆಗೆ ಸತ್ಯನಾರಾಯಣನ ಕಥೆ ಬೀದಿಗೆಲ್ಲ ಹೇಳ್ತೀರಲ್ಲ, ಅದು ಪುರಾಣ ಅಲ್ವೋ? ಸಜ್ಜಿಗೆ ಪ್ರಸಾದ ಇದ್ದ ಕಡೆ ಅನಧ್ಯಯನ ಇರೋದಿಲ್ವೋ?"

ಆ ಕುಟುಕು ಶಾಸ್ತ್ರಿಗಳೊಳಗೆ ಎಲ್ಲೋ ಆಳದಲ್ಲಿದ್ದುದನ್ನು ಕದಲಿಸಿತ್ತು. ಎಳವೆಯಲ್ಲಿ ಉರುಹೊಡೆದಿದ್ದ ಹಿರಿಯರ ವಿಧಿ ಮೇಲೆದ್ದು ಬಂತು: ಅನಧ್ಯಯನದ ಕಟ್ಟು ವೇದಪಾಠಕ್ಕೆ, ವ್ಯಾಕರಣಾದಿ ಅಂಗಗಳಿಗಿಲ್ಲ, ಇತಿಹಾಸ ಪುರಾಣಗಳಿಗಿಲ್ಲ. ಅವರಿಗೆ ತಿಳಿಯದ ಮಾತೇನಲ್ಲ. ಇದುವರೆಗೆ ಬೇಕಾಗಿರಲಿಲ್ಲ, ಅಷ್ಟೇ. ತಂದೆ ಹೇಳುತ್ತಿದ್ದುದು ವೇದ, ಅವರ ನೇಮ ಅವರಿಗೆ ಸರಿ. ಮಗ ಬೇಲಿಯನ್ನು ಜೋಪಾನ ಮಾಡಿಕೊಂಡು ಬಂದ. ಅದು ಯಾವ ಹೊಲದ ಬೇಲಿಯೆಂದು ಕೇಳಲಿಲ್ಲ.

ಅವರೆದ್ದು ತಂದೆಯ ಪಟಕ್ಕೆ ನಮಸ್ಕರಿಸಿದರು. ಬೆಳಗಾದ ಮೇಲೆ ಗಗನಳಿಗೆ ಫೋನು ಮಾಡಿ, ತಂಡ ಮುಚ್ಚುವುದು ಬೇಡ, ತಪ್ಪಿದ ಪಾಠವನ್ನೂ ತುಂಬಿಕೊಡುತ್ತೇನೆಂದರು. ಮಹದೇವನಿಗೆ ತಾವೇ ಹೇಳುವುದಾಗಿ ತಿಳಿಸಿದರು.

ಹಿನಕಲ್ಲಿನ ಅಂಗಡಿಯ ಬಾಗಿಲಲ್ಲಿ ಆಗಲೇ ಹೊಸ ಹಲಗೆ ತೂಗುತ್ತಿತ್ತು: 'ಇನ್ನು ಮುಂದೆ ಮಂಗಳವಾರ ತೆರೆದಿರುತ್ತದೆ.' ಒಳಗೆ ಕುರ್ಚಿಯಲ್ಲೊಬ್ಬರು ಮುಖದ ತುಂಬ ನೊರೆ ಮೆತ್ತಿಕೊಂಡು ಕುಳಿತಿದ್ದರು. ಶಾಸ್ತ್ರಿಗಳು ಹಲಗೆಯ ಕೆಳಗೆ ನಿಂತು, "ಇದನ್ನು ಇಳಿಸಿ ಮಹದೇವ," ಎಂದರು.

ಮಹದೇವ ಹಿಡಿದ ಕತ್ತಿಯೊಂದಿಗೇ ಹೊರಗೆ ಬಂದ. "ಯಾಕೆ ಗುರುಗಳೇ?"

"ನಿಮ್ಮ ಮಂಗಳವಾರದ ಕಟ್ಟಿಗೆ ಬಾಗಿಲಿಲ್ಲ. ನನ್ನದಕ್ಕಿತ್ತು, ನಾನು ತಟ್ಟಿ ನೋಡಿರಲಿಲ್ಲ. ಅಷ್ಟಮಿಯ ದಿನ ಪುರಾಣ ಹೇಳಬಹುದು. ಮಂಗಳವಾರ ಬಂದುಬಿಡಿ."

"ನನಗೋಸ್ಕರ ಹಿಂಗಂತಿದ್ದೀರೇನೋ..."

"ನಿಮಗೋಸ್ಕರ ಶಾಸ್ತ್ರ ತಿದ್ದುವಷ್ಟು ದೊಡ್ಡವನಲ್ಲ ನಾನು. ನಿಮ್ಮಿಂದಾಗಿ ಅದನ್ನು ಪೂರ್ತಿ ಓದಿಕೊಂಡೆ, ಅಷ್ಟೇ."

"ಮಹದೇವ," ಒಳಗಿನಿಂದ ದನಿ ಬಂತು, "ಒಂದು ಕೆನ್ನೆ ಹಂಗೇ ಉಳೀತು ಕಣಪ್ಪ. ಶಾಸ್ತ್ರ ಮುಗಿಸ್ಕೊಂಡು ಬಾ, ನಾನೆಲ್ಲೂ ಹೋಗಂಗಿಲ್ಲ."

ಮಹದೇವ ಹಲಗೆಯನ್ನು ಇಳಿಸಿ ಗೋಡೆಗೆ ಮೊಗವಾಗಿ ಒರಗಿಸಿದ.

ಅಷ್ಟಮಿಯ ಮಧ್ಯಾಹ್ನ ಶಾಸ್ತ್ರಿಗಳು ತರಗತಿಗೆ ಬಂದಾಗ ಹೊಂಗೆಯ ನೆರಳು ಕಿಟಕಿಯೊಳಗೆ ಇಳಿದಿತ್ತು. ಮನಸ್ಸಿನಲ್ಲಿ ತಂದೆಯನ್ನು ನೆನೆದರು. ಆಮೇಲೆ ಈ ಪುಟ್ಟ ವಿದ್ಯಾಶಾಲೆಯನ್ನು, ಹೊಸಿಲಲ್ಲಿ ನಿಂತು ಕುಟುಕಿದವಳನ್ನು, ಮುಂದಿನ ಬೆಂಚಿನವನನ್ನು. ಕಲಿಸುವವನಿಗೆ ಕಲಿಯುವವನಿಂದ ಬರುವ ಋಣವನ್ನು ಯಾವ ತರ್ಪಣದಿಂದ ತೀರಿಸುವುದೋ ಅವರಿಗೆ ತಿಳಿಯಲಿಲ್ಲ. ತೀರದಿರಲಿ ಎಂದೇ ಅನ್ನಿಸಿತು.

"ಮಹದೇವ," ಎಂದರು, "ಇವತ್ತಿನ ಪದ್ಯ ನೀನೇ ಬಿಡಿಸು."

ಮಹದೇವ ಸಾಲಿನ ಮೇಲೆ ಬೆರಳಿಟ್ಟು ಓದತೊಡಗಿದ. ಎರಡು ಕಡೆ ತಡವರಿಸಿದ. ಶಾಸ್ತ್ರಿಗಳು ಹೇಳಿಕೊಡಲಿಲ್ಲ, ಕಾದರು.