ಇಂಡಿಯಲ್ಲಿ ಎದ್ದ ಮಶೀನು

ಕನ್ನೊಳ್ಳಿಯ ರಾವಸಾಬ ಮಾಸ್ತರರು ಇಪ್ಪತ್ತೆರಡು ವರ್ಷ ಬಾವಿಗಳ ನೀರು ಅಳೆದಿದ್ದರು. ಇಂಡಿ, ಸಿಂದಗಿ, ಮುದ್ದೇಬಿಹಾಳ, ಬಸವನ ಬಾಗೇವಾಡಿ ತಾಲ್ಲೂಕುಗಳ ನಾನೂರ ಹನ್ನೆರಡು ಬಾವಿಗಳು. ಸಾಲೆಗೆ ರಜೆ ಬಿಟ್ಟಾಗ ಸೈಕಲ್ ಮೇಲೆ ಹೋಗಿ, ಹಗ್ಗಕ್ಕೆ ಕಲ್ಲು ಕಟ್ಟಿ ಇಳಿಬಿಟ್ಟು, ನೀರು ಎಷ್ಟು ಆಳದಲ್ಲಿದೆ ಎಂದು ನೋಟ್‌ಬುಕ್ಕಿನಲ್ಲಿ ಬರೆದುಕೊಳ್ಳುತ್ತಿದ್ದರು. ಯಾರೂ ಹೇಳಿ ಮಾಡಿಸಿದ ಕೆಲಸವಲ್ಲ ಅದು.

೨೦೦೬ರಲ್ಲಿ ಮುದ್ದೇಬಿಹಾಳದ ಒಂದು ಜಲ ಅಧ್ಯಯನ ಸಂಸ್ಥೆ ಆ ಲೆಕ್ಕವನ್ನೆಲ್ಲ ಕಂಪ್ಯೂಟರಿಗೆ ಏರಿಸಿತು. ಅಲ್ಲಿನ ಕಂಪ್ಯೂಟರ್ ಕೋಣೆ ಸಗೀರಾಳ ಕೈಯಲ್ಲಿತ್ತು. ಮೂರು ದೊಡ್ಡ ಸರ್ವರುಗಳನ್ನು ಒಟ್ಟಿಗೆ ಹೂಡಿ, ಅವುಗಳೊಳಗೆ ಹತ್ತಾರು ಬೇರೆ ಬೇರೆ ಕಂಪ್ಯೂಟರುಗಳೇ ಇವೆಯೇನೋ ಎಂಬಂತೆ ನಡೆಸುತ್ತಿದ್ದಳು. ಅಂಥ ಒಂದು ವರ್ಚುವಲ್ ಮಶೀನಿನಲ್ಲಿ ಮಾಸ್ತರರ ಬಾವಿಗಳಿದ್ದವು. ಇಂಡಿಯ ಶಾಖೆಯಲ್ಲೂ ಅಂಥದೇ ಮೂರು ಸರ್ವರುಗಳ ಕ್ಲಸ್ಟರ್ ಇತ್ತು. ಪ್ರತಿ ಶುಕ್ರವಾರ ಇಲ್ಲಿನ ಮಶೀನಿನ ಪ್ರತಿ ಅಲ್ಲಿಗೆ ಹೋಗುತ್ತಿತ್ತು.

"ಈ ಪುಸ್ತಕ ಏನ್ ಮಾಡ್ಲಿ ಯವ್ವಾ? ಗೆದ್ಲ ಹತ್ಯಾವ," ಎಂದು ಮಾಸ್ತರರು ಸಗೀರಾಳನ್ನು ಕೇಳಿದ್ದರು.

"ಇನ್ನ ಯಾಕ್ರಿ ಅವು? ಎರಡೂರಾಗ ಕಾಪಿ ಇರ್ತೈತ್ರಿ. ಒಂದ್ ಹೋದ್ರ ಇನ್ನೊಂದು."

ಅವರು ನೋಟ್‌ಬುಕ್ಕುಗಳನ್ನು ನೀರೊಲೆಗೆ ಹಾಕಿದರು.

೨೦೦೯ರ ಮೇ ತಿಂಗಳು, ಒಂದು ಭಾನುವಾರ ಮುದ್ದೇಬಿಹಾಳದ ಕೋಣೆಯ ಏಸಿ ಕೆಟ್ಟಿತು. ಸೋಮವಾರ ಬಾಗಿಲು ತೆಗೆದಾಗ ಒಳಗೆ ಬೇಕರಿಯ ಭಟ್ಟಿಯಂಥ ಕಾವು. ಡಿಸ್ಕುಗಳು ಒಂದರ ಹಿಂದೊಂದು ಸತ್ತಿದ್ದವು. ಸಗೀರಾ ಅಷ್ಟೇನೂ ಹೆದರಲಿಲ್ಲ. ಬಸ್ಸು ಹಿಡಿದು ಇಂಡಿಗೆ ಹೋದಳು.

ಅಲ್ಲಿನ ಕಂಪ್ಯೂಟರ್ ನೋಡಿಕೊಳ್ಳುತ್ತಿದ್ದ ಕಲ್ಮೇಶ ಕಳೆದ ಶುಕ್ರವಾರದ ಪ್ರತಿಯನ್ನು ತನ್ನ ಕ್ಲಸ್ಟರಿನ ಮೇಲೆ ಏರಿಸಿದ. ಮುಕ್ಕಾಲು ತಾಸಿಗೆ ಮಶೀನು ಎದ್ದಿತು.

"ಬಂತ್ರಿ ಮೇಡಂ! ಊರ ಹೆಸರೆಲ್ಲಾ ಬಂದಾವ ನೋಡ್ರಿ."

ಮನಗೂಳಿ, ಹೂವಿನ ಹಿಪ್ಪರಗಿ, ಎಲ್ಲ ಇದ್ದವು. ಕಲ್ಮೇಶ ಮನಗೂಳಿಯನ್ನು ಒತ್ತಿದ. ಖಾಲಿ. ಇನ್ನೊಂದು ಊರು ಒತ್ತಿದ. ಅದೂ ಖಾಲಿ.

"ಇದಕ್ಕ ಎರಡನೇ ಡಿಸ್ಕ್ ಇತ್ತೇನ್ರಿ?"

ಆಗ ಸಗೀರಾಳಿಗೆ ನೆನಪಾಯಿತು. ಅಂಕಿ ಏರಿಸುತ್ತಿದ್ದ ದಿನಗಳಲ್ಲಿ ಪ್ರತಿ ತೆಗೆಯುವ ಬ್ಯಾಕಪ್ ನಡೆದಾಗಲೆಲ್ಲ ಮಶೀನು ತೆವಳುತ್ತಿತ್ತು. ಟೈಪು ಮಾಡುತ್ತಿದ್ದ ಹುಡುಗಿಯರು ಬೇಸರಪಟ್ಟರೆಂದು, ನಾಲ್ಕು ದಿನದ ಮಟ್ಟಿಗೆ ಎಂದುಕೊಂಡು, ಅಂಕಿಗಳಿದ್ದ ಎರಡನೇ ಡಿಸ್ಕನ್ನು ಅವಳೇ ಬ್ಯಾಕಪ್ಪಿನಿಂದ ಹೊರಗಿಟ್ಟಿದ್ದಳು. ಮತ್ತೆ ಸೇರಿಸಲೇ ಇಲ್ಲ. ಮೂರು ವರ್ಷ, ಪ್ರತಿ ಶುಕ್ರವಾರ 'ಯಶಸ್ವಿ' ಎಂಬ ವರದಿ ಬಂದಿತ್ತು. ಆ ಪ್ರತಿಯನ್ನು ಇಂಡಿಯಲ್ಲಿ ಏರಿಸಿ ನೋಡುವ ಕೆಲಸವನ್ನು ಒಂದು ಸಲವೂ ಮಾಡಿರಲಿಲ್ಲ.

ಅಂಕಿ ಹೊರತೆಗೆಸಲೆಂದು ಪುಣೆಗೆ ಕಳಿಸಿದ ಸತ್ತ ಡಿಸ್ಕುಗಳು ಹದಿನೈದು ದಿನಕ್ಕೆ ಹಾಗೆಯೇ ಮರಳಿದವು. ಮಾಸ್ತರರಿಗೆ ಪತ್ರ ಬರೆದರೆ ಸಾಕು ಎಂದರು ಸಂಸ್ಥೆಯವರು. ಅವಳು ಕನ್ನೊಳ್ಳಿಗೆ ತಾನೇ ಹೋದಳು.

ಮಾಸ್ತರರು ಪೂರ್ತಿ ಕೇಳಿಸಿಕೊಂಡರು.

"ಒಂದೂ ಉಳದಿಲ್ಲೇನು?"

"ಇಲ್ರಿ ಮಾಸ್ತರ್ರ. ತಪ್ಪು ನಂದೇ ಐತ್ರಿ."

ಮಾಸ್ತರರು, "ಬರಕೋ" ಎಂದರು. ಸಗೀರಾ ಚೀಲದಿಂದ ಹಾಳೆ ತೆಗೆದಳು. "ನಮ್ಮೂರ ಗೌಡ್ರ ಬಾವಿ, ಎಂಬತ್ತೇಳನೇ ಇಸ್ವಿ ಮೇ ತಿಂಗಳು, ಮೂವತ್ತೊಂದು ಫೂಟು. ಜೂನಿಗೆ ಇಪ್ಪತ್ತೊಂಬತ್ತು..." ಹೇಳುತ್ತ ಹೇಳುತ್ತ ತಡವರಿಸಿದರು. ಬೆರಳು ಮಡಚಿದರು, ಬಿಡಿಸಿದರು. ಕಣ್ಣು ಮುಚ್ಚಿಕೊಂಡರು.

"ಹೊಡದಹಾಕು ಅವನ್ನ. ಅಂದಾಜ ಹೇಳಾಕತ್ತೇನಿ. ಸುಳ್ಳ ಅಂಕಿ ಬ್ಯಾಡ."

ಅವಳು ಗೀಟು ಎಳೆದಳು. "ಮತ್ತ ಅಳಿಯೂಣ್ರಿ. ನಾ ಬರ್ತೇನಿ ನಿಮ್ಮ ಜೋಡಿ. ಎಲ್ಲಾ ಬಾವಿಗೂ."

"ಅರ್ಧಕ್ಕರ್ಧ ಬಾವಿ ಮುಚ್ಯಾರ. ಇದ್ದುದ್ರಾಗರ ಏನು? ಎಂಬತ್ತೇಳರ ನೀರ ಎಲ್ಲಿಂದ ತರ್ತಿ?"

ಮಾಸ್ತರರ ಹೆಂಡತಿ ಗುರವ್ವ ಚಹಾ ತಂದಿಟ್ಟಳು. ಸಗೀರಾ ಅದನ್ನು ಮುಟ್ಟಲಿಲ್ಲ.

"ನೀ ಸಣ್ಣಾಕಿ ಅದಿ. ಬೈಯಾಕ ಮನಸ್ಸು ಬರವಲ್ದು," ಎಂದರು ಮಾಸ್ತರರು. "ಖರೆ, ಇನ್ನೊಮ್ಮಿ ಬರಬ್ಯಾಡ ಯವ್ವಾ. ನಿನ್ನ ನೋಡಿದ್ರ ಹೋದ ಅಂಕಿ ನೆನಪಾಗ್ತಾವ."

ಅವರು ಎದ್ದು ಒಳಗೆ ಹೋದರು. ಸಗೀರಾ ಹಾಳೆ ಮಡಚಿ ಚೀಲಕ್ಕೆ ಹಾಕಿ, ಸಿಂದಗಿಯ ಬಸ್ಸಿಗೆ ನಿಂತಳು. ಎರಡು ಬಸ್ಸು ಬಂದು ಹೋದವು. ಅವಳು ಹತ್ತಲಿಲ್ಲ, ಗೀಟು ಎಳೆದ ಆ ಹಾಳೆಯನ್ನು ಮತ್ತೆ ತೆಗೆದು ನೋಡುತ್ತಿದ್ದಳು.