ಗಾಣದ ಎಣ್ಣೆ

ಎಣ್ಣೆಯಿಂದಲೇ ಬಂದಿದ್ದರೆ? ಹಾಗಾದರೆ ತನಗೂ ಏನಾದರೂ ಆಗಬೇಕಿತ್ತಲ್ಲ, ತಾನೂ ಅದನ್ನೇ ತಿಂದವನು. ಆದರೆ ತಾನು ತಿಂದದ್ದೆಷ್ಟು, ಅವಳು ತಿಂದದ್ದೆಷ್ಟು?

ಗದಗಿನ ಆಸ್ಪತ್ರೆಯ ಗೋಡೆಗೆ ಒರಗಿ ನಿಂತ ಕಳಕೇಶನಿಗೆ ಇದು ಬಗೆಹರಿಯಲಿಲ್ಲ. ಎದುರಿನ ಬೆಂಚಿನ ಮೇಲೆ ಹೆಂಡತಿ ಸಾವಂತ್ರೆವ್ವ ಸೆರಗು ಹೊದ್ದು ಕೂತಿದ್ದಳು. ಅವಳ ಎದೆಯಲ್ಲಿ ಕಡಲೆಕಾಳಿನಷ್ಟು ಗಂಟು. ಸೂಜಿ ಚುಚ್ಚಿ ಮಾಡಿದ ಪರೀಕ್ಷೆಯ ವರದಿ ಇವತ್ತು ಬರಬೇಕು.

ಬೆಟಗೇರಿಯಲ್ಲಿ ಕಳಕೇಶನದು ಮಿರ್ಚಿ ಭಜಿಯ ಬಂಡಿ. ಬಂಡಿ ಮುಚ್ಚುವಾಗ ಬಾಣಲೆಯ ತಳದಲ್ಲಿ ಉಳಿದ ಎಣ್ಣೆಯನ್ನು ಹಳೆಯ ಧೋತರದ ತುಂಡಿನಲ್ಲಿ ಎರಡು ಸಲ ಸೋಸಿ, ಒಂದಿಷ್ಟು ಹೊಸದನ್ನು ಬೆರೆಸಿ ಡಬ್ಬಿಗೆ ತುಂಬಿ ಮನೆಗೆ ಒಯ್ಯುತ್ತಿದ್ದ. "ಗುರ್ತಿನವ್ರ ಗಾಣದ ಕುಸುಬಿ ಎಣ್ಣಿ, ಅದ್ಕ ಬಣ್ಣ ಹಿಂಗ," ಎಂದು ಮೊದಲ ದಿನ ಹೇಳಿದ್ದ. ಅವನ ಮೈಯೇ ಕರಿದ ವಾಸನೆ ಹೊಡೆಯುತ್ತಿತ್ತು; ಡಬ್ಬಿಯ ವಾಸನೆ ಅದರಲ್ಲಿ ಮುಚ್ಚಿಹೋಯಿತು. ಅವಳು ನಂಬಿದಳು. ನೆರೆಮನೆಯ ಬಾನುಬಿಯ ಮುಂದೆ ಹೇಳಿಯೂ ಹೇಳಿದಳು: "ನಮ್ಮನ್ಯಾಗ ಬ್ಯಾರೇದ್ದಕ್ಕ ಬರಾ ಇದ್ದೀತು, ಎಣ್ಣಿಗಿಲ್ಲ."

ಉಳಿದ ಭಜಿಯೂ ಮನೆಗೇ ಬರುತ್ತಿತ್ತು. ಎಲ್ಲರೂ ಉಂಡು ಪಲ್ಯ ತಳ ಕಂಡ ಮೇಲೆ ಸಾವಂತ್ರೆವ್ವ ತಣ್ಣನೆಯ ರೊಟ್ಟಿಗೆ ಅದನ್ನೇ ನಂಜಿಕೊಂಡು ಉಣ್ಣುತ್ತಿದ್ದಳು.

ಹೋದ ತಿಂಗಳು ಆಶಾ ಕಾರ್ಯಕರ್ತೆ ಮಮತಾ ಓಣಿಯ ಹೆಂಗಸರನ್ನು ಗುಡಿಕಟ್ಟೆಯ ಮೇಲೆ ಕೂಡಿಸಿ ಕ್ಯಾನ್ಸರಿನ ಬಗ್ಗೆ ಮಾತಾಡಿದ್ದಳು. ತಂಬಾಕು ಬಿಡಿ, ಸೊಪ್ಪು ಕಾಳು ತಿನ್ನಿ, ಕಾಯಿಸಿದ ಎಣ್ಣೆಯನ್ನೇ ಮತ್ತೆ ಕಾಯಿಸಬೇಡಿ, ಗಂಟು ಸಿಕ್ಕರೆ ಮುಚ್ಚಿಡಬೇಡಿ. ಮನೆಗೆ ಬಂದ ಸಾವಂತ್ರೆವ್ವ, "ಪುಣ್ಯಾಕ ನಮ್ಮದು ಗಾಣದ ಎಣ್ಣಿ," ಎಂದಳು. ಕಳಕೇಶ ತುತ್ತು ನುಂಗಿದ. ಆ ವಾರವೇ ಅವಳ ಕೈಗೆ ಗಂಟು ಸಿಕ್ಕಿತು.

"ನಿಂತಲ್ಲೇ ಯಾಕ ಬೆವರಾಕತ್ತೀರಿ?" ಸಾವಂತ್ರೆವ್ವ ಬೆಂಚಿನಿಂದ ಕೇಳಿದಳು. "ಗಂಟು ನನಗಾಗೈತೋ, ನಿಮಗೋ?"

"ಸುಮ್ನ ಕುಂಡ್ರ."

"ನಾ ಹ್ವಾದ್ರ ಇನ್ನೊಬ್ಬಾಕೀನ ತರ್ರಿ. ರೊಟ್ಟಿ ತೆಳ್ಳಗ ಬಡಿಯಾಕೀನ ನೋಡಿ ತರ್ರಿ ಮತ್ತ."

"ಬಾಯಾಗ ಒಂದರ ಒಳ್ಳೇ ಮಾತು ಬರಂಗಿಲ್ಲೇನ್ ನಿನಗ?" ಹೇಳಿಬಿಡಬೇಕು ಅನ್ನಿಸಿತು. ಹತ್ತಿರ ಹೋಗಿ ಕೂತ. "ಸಾವಂತ್ರಿ, ಆ ಎಣ್ಣಿ..."

ಅಷ್ಟರಲ್ಲಿ ನರ್ಸು ಅವಳ ಹೆಸರು ಕೂಗಿದಳು.

ಡಾಕ್ಟರಮ್ಮ ಕಾಗದ ನೋಡಿ ಮುಗುಳ್ನಕ್ಕಳು. "ಅಂಜಬ್ಯಾಡ್ರಿ. ಕ್ಯಾನ್ಸರ್ ಅಲ್ಲ, ಬರೇ ಗಂಟು. ಆರು ತಿಂಗಳ ಬಿಟ್ಟು ಮತ್ತ ತೋರಸ್ರಿ."

ಸಾವಂತ್ರೆವ್ವ ಕೈಮುಗಿದಳು. ಕಳಕೇಶ ಏಳಲಿಲ್ಲ. "ಮೇಡಂ, ಎಣ್ಣೀಲೆ ಬರತೈತೇನ್ರಿ ಇಂಥಾದ್ದು?"

"ಈ ಗಂಟು ಎಣ್ಣೀಲೆ ಬಂದದ್ದಲ್ರಿ. ಆದ್ರ ಸುಟ್ಟ ಎಣ್ಣಿ ತಿನ್ನೂದು ಛಲೋ ಅಲ್ಲ. ಇವ್ರಿಗೆ ಪಲ್ಯಾ, ಕಾಳು ಹೊಟ್ಟಿತುಂಬ ಸಿಗಬೇಕು. ಎಲ್ಲಾರೂ ಉಂಡು ಬಿಟ್ಟದ್ದಲ್ಲ."

ಹೊರಗೆ ಬಂದು ಸಾವಂತ್ರೆವ್ವ ಮೊದಲು ನಕ್ಕಳು, ಆಮೇಲೆ ಗೇಟಿನ ಬದಿಗೆ ಕೂತು ಅತ್ತಳು. ಎಷ್ಟೋ ದಿನದ ಮೇಲೆ ಕಳಕೇಶನ ಉಸಿರು ಹೊಟ್ಟೆಯ ತನಕ ಇಳಿಯಿತು. ದಾರಿಯಲ್ಲಿ ಮೆಂತ್ಯ, ಹಕ್ಕರಿಕೆ ಸೊಪ್ಪು ಕೊಂಡ. ಅಂಗಡಿಯಿಂದ ಎಣ್ಣೆಯ ಪಾಕೀಟೂ ಕೊಂಡ.

"ಪಾಕೀಟ ಯಾಕ್ರಿ? ಗಾಣದ್ದು?"

"ಗಾಣ ಬಂದ್ ಆಗೇತಿ."

"ಅಯ್ಯ, ಪಾಪ," ಎಂದಳು ಅವಳು.

ಮನೆಯಲ್ಲಿ ಡಬ್ಬಿಯ ಎಣ್ಣೆಯನ್ನು ಬಂಡಿಯ ಗಾಲಿಗಳಿಗೆ ಸುರಿದ. ಊಟಕ್ಕೆ ಕೂತಾಗ ತನ್ನ ತಾಟಿನ ಪಕ್ಕ ಇನ್ನೊಂದು ತಾಟು ಇಟ್ಟು, ಅದಕ್ಕೇ ಮೊದಲು ಪಲ್ಯ ಬಡಿಸಿದ.

"ನಾ ಆಮ್ಯಾಲ ಉಣತೇನಿ."

"ಡಾಕ್ಟ್ರು ಹೇಳ್ಯಾರ. ಕುಂಡ್ರ."

ನಾಚಿಕೊಂಡೇ ಕೂತಳು. ಪಲ್ಯದ ತುತ್ತು ಬಾಯಿಗಿಟ್ಟು, "ಗಾಣದ ಎಣ್ಣೀ ರುಚಿ ಇದ್ರಾಗಿಲ್ಲ ಬಿಡ್ರಿ," ಎಂದಳು.

ಹನ್ನೊಂದು ವರ್ಷ ಅವಳು ಉಂಡದ್ದು ಬಾಣಲೆಯ ತಳದ ಎಣ್ಣೆ ಎಂದು ಕಳಕೇಶ ಅವಳಿಗೆ ಎಂದೂ ಹೇಳಲಿಲ್ಲ.